ಸಡಿಲವಾಗದ ಪ್ಯಾಂಟು

ಬಾತ್‌ರೂಮಿನ ವೆಂಟಿಲೇಟರಿಗೆ ಏಳು ಗಾಜಿನ ಪಟ್ಟಿಗಳಿವೆ, ಮೇಲಿನಿಂದ ಮೂರನೆಯದು ಒಡೆದಿದೆ, ಒಡೆದ ಕಡೆ ಯಾರೋ ಯಾವ ಕಾಲದಲ್ಲೋ ರಟ್ಟು ತುರುಕಿದ್ದಾರೆ. ಇದೆಲ್ಲ ಟೈಲರ್ ಮಾಸ್ತರಿಗೆ ತಿಳಿದದ್ದು ಈ ಎರಡು ತಿಂಗಳಲ್ಲಿ. ಹದಿನೆಂಟು ವರ್ಷದಿಂದ ಅದೇ ಮನೆ, ಅದೇ ಬಾತ್‌ರೂಮು. ಆದರೆ ವೆಂಟಿಲೇಟರಿನ ಗಾಜು ಎಣಿಸುವಷ್ಟು ಹೊತ್ತು ಅಲ್ಲಿ ಕೂರುವ ಪ್ರಮೇಯ ಅವರಿಗೆ ಬಂದಿರಲಿಲ್ಲ. ಬೆಳಗ್ಗೆ ಎದ್ದು ಒಂದು ಲೋಟ ಬಿಸಿನೀರು ಕುಡಿದು ಒಳಗೆ ಹೋದರೆ, ಹೆಂಡತಿ ಒಲೆಯ ಮೇಲಿಟ್ಟ ಚಹಾ ಕುದಿ ಬರುವಷ್ಟರಲ್ಲಿ ಹೊರಗಿರುತ್ತಿದ್ದರು. ಎಪ್ಪತ್ತೊಂದನೆಯ ವಯಸ್ಸಿನವರೆಗೂ ಹೀಗೇ ನಡೆದಿತ್ತು. ಓರಗೆಯ ಮುದುಕರು ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂತು ತಂತಮ್ಮ ಹೊಟ್ಟೆಯ ವರದಿ ಒಪ್ಪಿಸುವಾಗ ಮಾಸ್ತರು ಬಾಯಿ ಬಿಡದೆ ಮೀಸೆಯಲ್ಲೇ ನಗುತ್ತಿದ್ದರು. ಬಂಗಲೆ ಕಟ್ಟಿಸಿದವರಿಗೂ ಇಲ್ಲದ ಒಂದು ಜಂಬ ಅವರಿಗಿತ್ತು. ಕರೆದು ತೋರಿಸುವಂಥದ್ದಲ್ಲ, ಅಷ್ಟೆ. ಈಗ ಮೊಣಕಾಲ ಮೇಲೆ ಕೈಯೂರಿ ಮೂರನೆಯ ಪಟ್ಟಿಯನ್ನೇ ದಿಟ್ಟಿಸುತ್ತ, ಕೆಳಗಡೆ ಮಾತ್ರ ಅಪ್ಪಿತಪ್ಪಿಯೂ ನೋಡದೆ, ಅವರು ಕಾಯುತ್ತಿದ್ದರು.

"ತಾತ, ಆಯ್ತಾ?" ಮೊಮ್ಮಗಳು ಬಾಗಿಲು ತಟ್ಟಿದಳು.

"ಆಯ್ತು ಪುಟ್ಟಿ, ಬಂದೆ."

"ನಿನ್ನೆನೂ ಹಂಗೇ ಅಂದೆ. ನನ್ನ ಸ್ಕೂಲ್ ಬಸ್ ತಪ್ಪೋಯ್ತು."

ಏನೂ ಆಗದಿದ್ದರೂ ಮಾಸ್ತರು ಎರಡು ಮಗ್ಗು ನೀರು ಸುರಿದು ಸದ್ದು ಮಾಡಿದರು. ಸದ್ದು ಕೇಳಿದರೆ ಹೊರಗಿನವರಿಗೆ ಒಂದು ಸಮಾಧಾನ. ಐದು ಜನಕ್ಕೆ ಒಂದೇ ಬಾತ್‌ರೂಮಿರುವ ಮನೆಯಲ್ಲಿ ಒಬ್ಬನ ಹೊಟ್ಟೆ ಎಲ್ಲರ ಗಡಿಯಾರವೂ ಹೌದು. ಮೊದಲೆಲ್ಲ ಈ ಸಂಗತಿಗೆ ಒಂದು ನ್ಯಾಯ ನೀತಿ ಇತ್ತು. ಈಗ ಮೂರು ದಿನ ಸುದ್ದಿಯೇ ಇಲ್ಲ. ನಾಲ್ಕನೆಯ ದಿನ ಇದ್ದಕ್ಕಿದ್ದಂತೆ ಕರೆ ಬಂದರೆ ಕತ್ತರಿ ಬಿಸಾಕಿ ಓಡಬೇಕು, ಬೀದಿ ಕೊನೆಯ ಹೋಟೆಲಿನವನಿಗೆ ಹಲ್ಲು ಕಿರಿಯಬೇಕು. ಎದ್ದು ಬಂದ ಮೇಲಾದರೂ ನೆಮ್ಮದಿ ಉಂಟೇ ಎಂದರೆ ಅದೂ ಇಲ್ಲ. ಇನ್ನೂ ಏನೋ ಉಳಿದಿದೆ ಎಂಬ ಅನುಮಾನ. ಗಿರಾಕಿಯನ್ನು ಕಳಿಸಿದ ಮೇಲೆ ಪ್ಯಾಂಟಿನೊಳಗೆ ಗುಂಡುಸೂಜಿ ಬಿಟ್ಟೆನೇ ಎಂದು ಕೊರೆಯುವಂಥ ಅನುಮಾನ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವೈದ್ಯ. ಮಗ ನೀರಿನ ಬಾಟಲಿ ತಂದು ಅದರ ಮೇಲೆ ಗಂಟೆಗೊಂದು ಗೀಟು ಎಳೆದುಕೊಟ್ಟ. ಹೆಂಡತಿ ಪಪ್ಪಾಯಿ ಹೆಚ್ಚಿಟ್ಟಳು, ಒಣದ್ರಾಕ್ಷಿ ನೆನೆಹಾಕಿದಳು, ತಟ್ಟೆಯಲ್ಲಿ ಉಳಿದ ಸೊಪ್ಪು ನೋಡಿ "ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗೋಡೆಗೆ ಹೇಳ್ದೆ" ಎಂದಳು. ಕೊನೆಗೆ ಸೊಸೆ ಹೋದ ವಾರ ಬೆಳಗಿನ ತಿಂಡಿಯ ಹೊತ್ತಿಗೆ, ಎಲ್ಲರೂ ಕೂತಿರುವಾಗ, ಮೊಬೈಲು ನೋಡಿಕೊಂಡು ಅಂದಳು: "ಮಾವ, ವಯಸ್ಸಾದ ಮೇಲೆ ಹೊಟ್ಟೆ ಅಭ್ಯಾಸ ಬದಲಾಗಿ ಕೆಲವು ವಾರ ಆದ್ರೂ ಸರಿಹೋಗ್ಲಿಲ್ಲ ಅಂದ್ರೆ ತೋರಿಸ್ಲೇಬೇಕಂತೆ. ವಯಸ್ಸಾಯ್ತಲ್ಲ ಅಂತ ಸುಮ್ನೆ ಬಿಡಬಾರದಂತೆ. ನಾನು ಡಾಕ್ಟ್ರ ಹತ್ರ ಟೈಮ್ ತಗೊಂಡಿದೀನಿ." ಮೊಮ್ಮಗಳು ಬ್ರೆಡ್ಡು ಕಚ್ಚುತ್ತ "ತಾತಂಗೆ ಯಾವ ಅಭ್ಯಾಸ ಇದೆ?" ಎಂದು ಕೇಳಿದಳು. ಐವತ್ತು ವರ್ಷ ಊರವರ ಸೊಂಟ, ತೊಡೆ, ಪೃಷ್ಠಗಳ ಗುಟ್ಟು ಕಾಪಾಡಿದ ಮನುಷ್ಯನ ಕರುಳು ಹೀಗೆ ತಿಂಡಿಯ ಮೇಜಿನ ಮೇಲೆ ಬಂದು ಕೂತಿತು. ಮಾಸ್ತರು ತಲೆಯೆತ್ತದೆ ಚಹಾ ಮುಗಿಸಿದರು.

ಆ ಡಾಕ್ಟರ ಹತ್ತಿರ ಹೋಗುವ ದಿನ ಇವತ್ತು. ಮಾಸ್ತರು ಬೂದು ಬಣ್ಣದ ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಅಳತೆ ತೆಗೆದು ಮೈಮೇಲೇ ಹೊಲಿದಂತೆ ಕೂತಿತ್ತು. ಬೆಲ್ಟಿನ ಹಂಗಿಲ್ಲ, ಎಲ್ಲೂ ಒಂದು ನಿರಿಗೆಯಿಲ್ಲ. ಹಾಗೆ ಕೂತಿರುವುದರ ಹಿಂದಿನ ಕಸರತ್ತು ಅವರೊಬ್ಬರಿಗೇ ಗೊತ್ತು. ಆರೇಳು ವಾರದ ಹಿಂದೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ ಪ್ಯಾಂಟು ಸೊಂಟ ಬಿಟ್ಟು ಜಾರಿತು. ಮೊದಲು ಬೈದದ್ದು ಬಟ್ಟೆಯನ್ನು. ಈಗಿನ ಬಟ್ಟೆ ಹಿಗ್ಗುತ್ತದೆ, ಮಿಲ್ಲಿನವರಿಗೆ ಮಾನ ಮರ್ಯಾದೆ ಇಲ್ಲ. ಗುಂಡಿಗೆ ಕಾಜಾ ಹೊಲಿಯುವ ಹೆಂಗಸು ಊಟಕ್ಕೆ ಹೋಗಿದ್ದಳು. ಮಾಸ್ತರು ಷಟರನ್ನು ಅರ್ಧ ಎಳೆದು, ಕೊರಳಲ್ಲಿದ್ದ ಟೇಪನ್ನು ಐವತ್ತು ವರ್ಷದಲ್ಲಿ ಮೊದಲ ಸಲ ತನ್ನ ಸೊಂಟಕ್ಕೇ ಸುತ್ತಿದರು. ಮೂವತ್ತೈದು. ಮದುವೆಯಾದ ಮರುವರ್ಷದಿಂದ ಟೇಪು ಹಿಡಿಯದೆಯೇ ಮೂವತ್ತಾರಕ್ಕೆ ಪ್ಯಾಂಟು ಹೊಲಿದುಕೊಂಡು ಬಂದ ಸೊಂಟ. ಯಾರೂ ಇಲ್ಲದ ಅಂಗಡಿಗೆ ಅವರು ಗಟ್ಟಿಯಾಗಿ "ಮೂವತ್ತಾರು" ಎಂದು ಹೇಳಿ ಟೇಪು ಮಡಚಿದರು.

ಇದು ಅವರ ಗುರು ಹೇಳಿಕೊಟ್ಟ ಪಾಠ: ಗಿರಾಕಿಯ ಕಿವಿಗೊಂದು ಅಳತೆ, ಕತ್ತರಿಗೊಂದು ಅಳತೆ. ಸೊಂಟ ಮೂವತ್ತೆಂಟು ಬಂದರೆ ಬಾಯಲ್ಲಿ ಮೂವತ್ತೇಳು ಎನ್ನಬೇಕು, ಪುಸ್ತಕದಲ್ಲಿ ಮೂವತ್ತೆಂಟೂವರೆ ಬರೆಯಬೇಕು. ಗಿರಾಕಿ ಖುಷಿಯಾಗಿ ಉಸಿರು ಬಿಡುತ್ತಾನೆ, ಪ್ಯಾಂಟೂ ಸರಿಯಾಗಿ ಕೂರುತ್ತದೆ, ಯಾರಿಗೂ ನಷ್ಟವಿಲ್ಲ. ಆದರೆ ಆವತ್ತು ಮಾಸ್ತರು ತನ್ನ ಅಳತೆಯನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಪ್ಯಾಂಟು ಬಿಚ್ಚಿ, ಟವೆಲು ಸುತ್ತಿಕೊಂಡು, ಹಿಂಭಾಗದ ನಡುಹೊಲಿಗೆ ಬಿಡಿಸಿ ಒಂದಿಂಚು ಒಳಗೆ ಹಿಡಿದರು. ಹೊಸ ದಾರ ಹಾಕಿದರೆ ಹೆಂಡತಿಯ ಕಣ್ಣಿಗೆ ಹೊಡೆಯುತ್ತದೆಂದು ಹಳೆಯ ಪ್ಯಾಂಟೊಂದರಿಂದ ಮಾಸಿದ ದಾರ ಎಳೆದು ಸೂಜಿಗೆ ಏರಿಸಿದರು. ಹಳೆ ಹೊಲಿಗೆಯ ತೂತುಗಳ ಮೇಲೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿ ಎಳೆದರು. ಮುಗಿಸಿ ಬೆಳಕಿಗೆ ಹಿಡಿದು ನೋಡಿದಾಗ ತನ್ನ ಕೈಚಳಕಕ್ಕೆ ತಾನೇ ಬೆರಗಾದರು. ಹೀಗೆ ಕೆಲಸ ಮಾಡಿ ಎಷ್ಟು ಕಾಲವಾಗಿತ್ತು. ಆ ವಾರ ಐದು ಪ್ಯಾಂಟುಗಳಿಗೂ ಹಾಗೇ ಮಾಡಿದರು. ಎರಡು ವಾರ ಬಿಟ್ಟು ಇನ್ನೊಂದಿಂಚು, ಮೊನ್ನೆ ಮತ್ತೊಂದು. ಹಾಗೆ ಹಿಡಿಯುತ್ತ ಹೋದರೆ ಹಿಂದಿನ ಜೇಬುಗಳೆರಡೂ ಹತ್ತಿರ ಹತ್ತಿರ ಬರುತ್ತವೆ, ಅದಕ್ಕೆ ಯಾವ ಟೈಲರನ ಹತ್ತಿರವೂ ಮದ್ದಿಲ್ಲ. ಅಂಗಿಯನ್ನು ಹೊರಗೆ ಬಿಟ್ಟರಾಯಿತು ಎಂದುಕೊಂಡರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಮಾತು ನೆನಪಿಗೆ ಬಂತು. ಬೆಕ್ಕಿಗೆ ಹೊಲಿಗೆ ಗೊತ್ತಿಲ್ಲ, ತನಗೆ ಗೊತ್ತಿದೆ ಎಂದು ಅದನ್ನು ತಳ್ಳಿಹಾಕಿದರು.

"ಎಷ್ಟು ಹೊತ್ತು ಕನ್ನಡಿ ನೋಡ್ತೀರಿ, ಹೆಣ್ಣು ನೋಡಕ್ಕೆ ಹೋಗ್ತಿಲ್ಲ ನಾವು" ಎಂದಳು ಹೆಂಡತಿ. ಅವಳ ಕೈಯಲ್ಲಿ ಸಂತೆಗೆ ಹೊರಟವರ ಹಾಗೆ ದೊಡ್ಡ ಬಟ್ಟೆಯ ಬ್ಯಾಗು ತುಂಬಿಕೊಂಡಿತ್ತು. ಅದೇನೆಂದು ಕೇಳಿದರೆ "ಒಂದಷ್ಟು ಹಳೇದು, ಬರ್ತಾ ಕೊಡೋದಿದೆ" ಎಂದಳು. ಮಾಸ್ತರಿಗೆ ಹೆಚ್ಚು ಕೇಳುವ ವ್ಯವಧಾನ ಇರಲಿಲ್ಲ.

ಕ್ಲಿನಿಕ್ಕಿನ ಹಜಾರದಲ್ಲಿ ಹದಿನಾಲ್ಕನೆಯ ಟೋಕನ್ನು ಹಿಡಿದು ಕೂತಾಗ ಅವರ ತಲೆಗೆ ಹತ್ತಿದ ಚಿಂತೆ ರೋಗದ್ದಲ್ಲ, ಶಬ್ದದ್ದು. ಒಳಗೆ ಹೋಗಿ ಏನೆಂದು ಹೇಳುವುದು? ಎರಡಕ್ಕೆ ಎಂದರೆ ಶಾಲೆಯ ಮಕ್ಕಳ ಮಾತು, ಬೆರಳೆತ್ತಿ ನಿಲ್ಲಬೇಕಾಗುತ್ತದೆ. ಹೊರಗಡೆ ಎನ್ನೋಣವೆಂದರೆ ಹೋಗುವುದು ಒಳಗಡೆ. ಮೋಷನ್ ಎಂದರೆ ಹೊಲಿಗೆ ಮೆಷಿನ್ನಿನ ವಿಷಯ ಇದ್ದ ಹಾಗಿದೆ. ಮಲ ಎಂದರೆ ಪಾಠಪುಸ್ತಕ ಓದಿದಂತೆ. ಎಪ್ಪತ್ತೊಂದು ವರ್ಷ ದಿನಾ ಮಾಡಿದ ಕೆಲಸಕ್ಕೆ ಬಾಯಲ್ಲಿ ಹೇಳುವಂಥ ಒಂದು ಹೆಸರಿಲ್ಲವಲ್ಲ ಎಂದು ಅವರಿಗೆ ಆಶ್ಚರ್ಯವಾಯಿತು, ನಗುವೂ ಬಂತು. ಎದುರಿಗೆ ಕೂತವರ ಸೊಂಟಗಳನ್ನು ಕಣ್ಣಲ್ಲೇ ಅಳೆಯತೊಡಗಿದರು. ನಲವತ್ತೆರಡು, ಉಸಿರು ಹಿಡಿದರೆ ನಲವತ್ತೊಂದು. ಮೂವತ್ತು. ಮೂವತ್ತೆಂಟು, ಆದರೆ ಪ್ಯಾಂಟು ನಲವತ್ತರದು. ಅಲ್ಲಿ ಕಣ್ಣು ನಿಂತಿತು. ಹಳೆಯ ಗಿರಾಕಿ, ಬ್ಯಾಂಕಿನ ಕ್ಯಾಷಿಯರೊಬ್ಬರಿಗೂ ಹೀಗೇ ಆಗಿತ್ತು. ಮಾತಾಡುವಾಗ ಸಹ ಬೆರಳು ಒದ್ದೆ ಮಾಡಿಕೊಳ್ಳುವ ಅಭ್ಯಾಸದ ಆ ಮನುಷ್ಯ ಒಂದೇ ವರ್ಷದಲ್ಲಿ ನಾಲ್ಕು ಸಲ ಪ್ಯಾಂಟು ಹಿಡಿಸಲು ಬಂದಿದ್ದರು. ಎರಡನೆಯ ಸಲ ಮಾಸ್ತರು "ಏನ್ ಸಾರ್, ಮತ್ತೆ ಮದುವೆ ಗಂಡಾಗ್ತಿದೀರಾ?" ಎಂದು ಕೇಳಿದ್ದರು. ಮೂರನೆಯ ಸಲವೂ ಅದೇ ಜೋಕು. ಕ್ಯಾಷಿಯರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಮರ್ಯಾದೆಗೆಂದು ನಗುತ್ತಿದ್ದರು. "ಹಸಿವೇ ಆಗಲ್ಲ ಮಾಸ್ತರೇ. ಹೊಟ್ಟೆ ಮೊದಲಿನ ಹಾಗೆ ಇಲ್ಲ" ಎಂದಿದ್ದರು ಒಮ್ಮೆ. ಮಾಸ್ತರ ಬಾಯಲ್ಲಿ ಗುಂಡುಸೂಜಿಗಳಿದ್ದವು, ಹ್ಞೂಂ ಎಂದಿದ್ದರು. ಐದನೆಯ ಸಲ ಅದೇ ಪ್ಯಾಂಟನ್ನು ತಂದದ್ದು ಅವರ ಮಗ. "ಅಪ್ಪಂದು. ಬಟ್ಟೆ ಚೆನ್ನಾಗಿದೆ, ನನ್ನ ಅಳತೆಗೆ ಬಿಡಿಸಿಕೊಡಿ." ಹೊಲಿಗೆ ಬಿಡಿಸಿದರೆ ಹಿಡಿದಿಟ್ಟ ಇಂಚುಗಳೆಲ್ಲ ಅಲ್ಲೇ ಇದ್ದವು, ಹೊಸ ಬಟ್ಟೆಯ ಬಣ್ಣದಲ್ಲಿ. ಮನೆಯವರಿಗಿಂತ ಮೊದಲು ತನಗೆ ಗೊತ್ತಾಗಿತ್ತು. ಆ ಅಳತೆ ನನ್ನ ಪುಸ್ತಕದಲ್ಲಿತ್ತು. ನಾನು ಮದುವೆಯ ಜೋಕು ಮಾಡಿದೆ. ಇದನ್ನು ಮಾಸ್ತರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

"ಹದಿನಾಲ್ಕು" ಎಂದು ಕರೆದರು.

ಡಾಕ್ಟ್ರಮ್ಮ ಮಗನಿಗಿಂತಲೂ ಚಿಕ್ಕವರು. ಹಾಕಿದ ಬಿಳಿ ಕೋಟಿನ ಬಲಭುಜ ಅರ್ಧ ಇಂಚು ಇಳಿದಿರುವುದನ್ನು ಕಂಡು ಮಾಸ್ತರಿಗೆ ಕೊಂಚ ಧೈರ್ಯ ಬಂತು. ಕೂತು, ಗಂಟಲು ಸರಿಮಾಡಿಕೊಂಡು, "ಸ್ವಲ್ಪ ಟೈಮಿಂಗ್ ತಪ್ಪಿದೆ" ಎಂದರು.

"ಯಾವುದರದು?"

ಮಾಸ್ತರು ಕೈಯಲ್ಲಿ ಗಾಳಿಯಲ್ಲೊಂದು ಸುತ್ತು ಬಳಸಿ ತೋರಿಸಿದರು. ಅದರಿಂದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

"ಮೂರು ದಿನ ಹೋಗಲ್ಲ ಡಾಕ್ಟ್ರೇ, ನಾಲ್ಕನೇ ದಿನ ತಡೆಯಕ್ಕಾಗಲ್ಲ" ಎಂದಳು ಹೆಂಡತಿ. "ನೀರು ಕುಡಿಯಲ್ಲ. ಕುತ್ತಿಗೆ ನೋವು ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗ್ತಾರೆ, ನನಗೆ ಗೊತ್ತಿಲ್ಲ ಅನ್ಕೊಂಡಿದಾರೆ. ದಿನಕ್ಕೆ ಎಂಟು ಗಂಟೆ ಮೆಷಿನ್ ಮುಂದೆ ಕೂತಿರ್ತಾರೆ."

"ನೀನೇ ಟೋಕನ್ ತಗೊಂಡಿದ್ರೆ ಆಗ್ತಿತ್ತು" ಎಂದರು ಮಾಸ್ತರು.

ಡಾಕ್ಟ್ರಮ್ಮ ನಗಲಿಲ್ಲ, ಆದರೆ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡರು. "ದಿನಾ ಹೋಗಲೇಬೇಕು ಅಂತ ಏನಿಲ್ಲ. ಕೆಲವರಿಗೆ ದಿನಕ್ಕೆ ಮೂರು ಸಲ, ಕೆಲವರಿಗೆ ಮೂರು ದಿನಕ್ಕೊಂದು ಸಲ, ಎರಡೂ ಸರಿ. ನಿಮಗೆ ಮೊದಲು ಹೇಗಿತ್ತು, ಈಗ ಹೇಗಿದೆ, ಅದು ಮುಖ್ಯ. ವಯಸ್ಸಾದ ಹಾಗೆ ಕರುಳು ನಿಧಾನ ಆಗತ್ತೆ. ನೀರು ಸಾಲಲ್ಲ, ಓಡಾಟ ಕಮ್ಮಿ ಆಗತ್ತೆ, ನೋವಿನ ಮಾತ್ರೆ ಕೆಲವು ಹೊಟ್ಟೆ ಕಟ್ಟಿಸ್ತವೆ. ಅಷ್ಟೇ ಆಗಿದ್ರೆ ಸರಿಮಾಡಬಹುದು. ಅಷ್ಟೇನಾ ಅಂತ ತಿಳ್ಕೋಬೇಕು, ಅದಕ್ಕೆ ಒಂದೆರಡು ಮಾತು ಕೇಳ್ತೀನಿ. ಹೋಗುವಾಗ ರಕ್ತ ಏನಾದ್ರೂ ಕಂಡಿದೆಯಾ?"

"ಕಂಡಿಲ್ಲ" ಎಂದರು ಮಾಸ್ತರು. ಎರಡು ತಿಂಗಳಿಂದ ವೆಂಟಿಲೇಟರು ಬಿಟ್ಟು ಬೇರೆ ಏನನ್ನೂ ನೋಡದವನಿಗೆ ಏನು ಕಂಡೀತು. ಸುಳ್ಳಂತೂ ಅಲ್ಲ.

"ತೂಕ ಇಳಿದಿದೆಯಾ?"

ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಐವತ್ತೆಂಟು. ಮೊದಲು ಎಷ್ಟಿತ್ತೆಂದು ಕೇಳಿದರು. ಮಾಸ್ತರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಮನುಷ್ಯರನ್ನು ಇಂಚಿನಲ್ಲಿ ಬಲ್ಲವರು, ಕಿಲೋದಲ್ಲಿ ಅಲ್ಲ. "ಯಾವತ್ತೂ ನೋಡ್ಕೊಂಡಿಲ್ಲ ಡಾಕ್ಟ್ರೇ."

"ಹೋಗ್ಲಿ, ಹಾಕೋ ಬಟ್ಟೆ ಏನಾದ್ರೂ ಸಡಿಲ ಆಗಿದೆಯಾ?"

ಹೆಂಡತಿ ಮಡಿಲಲ್ಲಿದ್ದ ಬ್ಯಾಗನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಸರಿಸಿಕೊಂಡಳು. ಮಾಸ್ತರ ಕೈ ತಾನಾಗಿಯೇ ಸೊಂಟದ ಪಟ್ಟಿಗೆ ಹೋಯಿತು, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ಆಮೇಲೆ ಅವರು ಎದ್ದು ನಿಂತರು. "ಇಲ್ಲ. ನೋಡಿ, ಸರಿಯಾಗೇ ಕೂತಿದೆ." ಎದುರಿನಿಂದ ತೋರಿಸಿದರು, ಪಕ್ಕದಿಂದ ತೋರಿಸಿದರು, ಹಿಂದಿನಿಂದ ಮಾತ್ರ ತೋರಿಸಲಿಲ್ಲ.

"ಚೆನ್ನಾಗಿ ಹೊಲಿದಿದಾರೆ" ಎಂದರು ಡಾಕ್ಟ್ರಮ್ಮ.

"ನಾನೇ ಹೊಲಿದಿದ್ದು" ಎಂದರು ಮಾಸ್ತರು. ಆ ಕ್ಷಣದಲ್ಲೂ ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು, ಅದೇ ಆಮೇಲೆ ಹೆಚ್ಚು ಚುಚ್ಚಿದ್ದು. ಡಾಕ್ಟ್ರಮ್ಮ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಕುತ್ತಿಗೆಯ ಮಾತ್ರೆ ನಿಲ್ಲಿಸಲು ಹೇಳಿದರು, ಹೊಟ್ಟೆ ಸಡಿಲಿಸುವ ಪುಡಿ ಬರೆದುಕೊಟ್ಟರು, ಬೆಳಗ್ಗೆ ಸಂಜೆ ನಡೆಯಿರಿ, ಕರೆ ಬಂದಾಗ ತಡೆಯಬೇಡಿ, ಬಾರದಾಗ ತಿಣುಕಬೇಡಿ ಎಂದರು. ಒಂದು ರಕ್ತ ಪರೀಕ್ಷೆ ಮಾಡಿಸಿ, ತಿಂಗಳು ಬಿಟ್ಟು ಬನ್ನಿ. "ನಡುವೆ ರಕ್ತ ಕಂಡ್ರೆ, ತೂಕ ಇಳಿದ್ರೆ, ಬಟ್ಟೆ ಸಡಿಲ ಆದ್ರೆ, ತಿಂಗಳು ಕಾಯಬೇಡಿ, ತಕ್ಷಣ ಬನ್ನಿ."

ಹೊರಗೆ ಬಂದಾಗ ಹೆಂಡತಿ "ಇಲ್ಲೇ ಕೂತಿರಿ, ಬಂದೆ" ಎಂದು ಚೀಟಿ ಹಿಡಿದು ಹೋದಳು; ಔಷಧದ ಕೌಂಟರಿನಲ್ಲಿ ಸಾಲಿತ್ತು. ಮಾಸ್ತರು ಬೆಂಚಿನ ಮೇಲೆ ಕೂತರು. ಮೊದಲು ಬಂದದ್ದು ಖುಷಿ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ನೀರು, ನಡಿಗೆ, ಪುಡಿ, ಇಷ್ಟೇ ತಾನೆ. ಡಾಕ್ಟರೇ ಹೇಳಿದ ಮೇಲೆ ಇನ್ನೇನು. ಕಾಲು ಚಾಚಿ ಕೂತು ಮನೆಗೆ ಹೋದಮೇಲೆ ಸೊಸೆಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿದರು: ನಿನ್ನ ಮೊಬೈಲಿಗಿಂತ ಡಾಕ್ಟ್ರು ವಾಸಿ ಕಣಮ್ಮ. ಆಗ ಲ್ಯಾಬಿನ ಕಡೆಯಿಂದ ಒಬ್ಬ ಮುದುಕ ಬಂದ. ಅವನ ಪ್ಯಾಂಟು ಬೆಲ್ಟಿನ ಕೆಳಗೆ ನಾಲ್ಕು ಕಡೆ ಗುಪ್ಪೆ ಕಟ್ಟಿಕೊಂಡು, ಬೆಲ್ಟಿನ ತುದಿ ಬಾಲದಂತೆ ಜೋತು ಬಿದ್ದಿತ್ತು, ಕನಿಷ್ಠ ನಾಲ್ಕಿಂಚು. ಎಂಥ ಅವತಾರ, ಒಂದು ಗಂಟೆಯ ಕೆಲಸ, ಕೊಟ್ಟರೆ ಹೊಲಿದು ಕೊಡಬಹುದಿತ್ತು ಎಂದು ಮಾಸ್ತರ ಬೆರಳು ಮಿಡುಕಿತು. ಆಮೇಲೆ ಅನಿಸಿತು, ಇವನನ್ನು ನೋಡಿದ ಯಾವ ಡಾಕ್ಟರೂ ಬಟ್ಟೆ ಸಡಿಲವಾಗಿದೆಯೇ ಎಂದು ಕೇಳಬೇಕಾಗಿಲ್ಲ. ಈ ಹಜಾರದಲ್ಲಿ ಬಟ್ಟೆ ಸರಿಯಾಗಿ ಕೂತಿರುವುದು ತನಗೊಬ್ಬನಿಗೇ. ಡಾಕ್ಟ್ರಮ್ಮ ಅಳತೆ ಕೇಳಿದರು, ನಾನು ಕಿವಿಯ ಅಳತೆ ಹೇಳಿದೆ. ಅವರು ಕತ್ತರಿ ಹಾಕುವುದು ಆ ಅಳತೆಗೇ. ಗಿರಾಕಿಗೆ ಸುಳ್ಳು ಹೇಳುವ ಟೈಲರನನ್ನು ಕಂಡಿದ್ದೇವೆ, ಟೈಲರನಿಗೆ ಸುಳ್ಳು ಹೇಳುವ ಗಿರಾಕಿಯನ್ನು ಯಾರು ಕಂಡಿದ್ದಾರೆ. ಮಾಸ್ತರಿಗೆ ಭಯವಾಯಿತು. ಸಾಯುವ ಭಯವೇ ಅದು, ಬೇರೆ ಹೆಸರೇನೂ ಅದಕ್ಕಿರಲಿಲ್ಲ. ತನ್ನ ಐದು ಪ್ಯಾಂಟುಗಳನ್ನು ಮಗ ಬೇರೆ ಯಾವನೋ ಟೈಲರನ ಹತ್ತಿರ ಒಯ್ದು ಬಿಡಿಸಿಕೊಡಿ ಎನ್ನುವುದು ಕಣ್ಣಿಗೆ ಕಟ್ಟಿತು. ಆ ಟೈಲರು ಒಳಗಿನ ಮೂರು ಸಾಲು ಹೊಲಿಗೆ ನೋಡಿ, ಅರ್ಥ ಮಾಡಿಕೊಂಡು, ಏನೂ ಹೇಳದೆ ಬಿಡಿಸಿಕೊಡುತ್ತಾನೆ. ಮಾಸ್ತರು ಎದ್ದರು.

ಟೋಕನ್ನು ಕೊಡುವ ಹುಡುಗಿ ತಲೆಯೆತ್ತಲಿಲ್ಲ.

"ಡಾಕ್ಟ್ರನ್ನ ಇನ್ನೊಂದ್ಸಲ ನೋಡ್ಬೇಕಿತ್ತಮ್ಮ. ಒಂದು ಮಾತು ಬಿಟ್ಟುಹೋಯ್ತು."

"ಹೊಸ ಟೋಕನ್ ಬೇಕಾಗತ್ತೆ. ಮೊದಲಿನ ನಂಬರ್ ಎಷ್ಟು?" ಹೇಳಿದರು. ಅವಳು ಕಂಪ್ಯೂಟರು ನೋಡಿದಳು. "ನಿಮಗೆ ಆಗಲೇ ಕೊಟ್ಟಿದೀನಲ್ಲ ತಾತ. ಇಪ್ಪತ್ತೊಂದು. ನಿಮ್ಮನೆಯವರು ತಗೊಂಡೋದ್ರು."

ಮಾಸ್ತರು ತಿರುಗಿದರು. ಔಷಧದ ಸಾಲಿನಲ್ಲಿ ಹೆಂಡತಿ ಇರಲಿಲ್ಲ. ಹಜಾರದ ಆಚೆ ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಲ್ಲಿಂದ ಮಾಸ್ತರ ಬೆಂಚು ನೇರ ಕಾಣುತ್ತಿತ್ತು. ಹತ್ತಿರ ಹೋಗಿ ಪಕ್ಕದಲ್ಲಿ ಕೂತರು.

"ಪುಡಿ ತಗೊಳ್ಲಿಲ್ವಾ?"

"ಆಮೇಲೆ ತಗೊಂಡ್ರಾಯ್ತು."

"ನಾನು ಎದ್ದು ಬರ್ದೇ ಇದ್ದಿದ್ರೆ?"

"ನಂಬರ್ ಕರೆದಾಗ ನಾನೇ ಹೋಗ್ತಿದ್ದೆ. ಮಿಕ್ಕಿದ ನಾಲ್ಕು ಪ್ಯಾಂಟು ತಂದಿದೀನಿ" ಎಂದು ಬ್ಯಾಗಿನ ಬಾಯಿ ಅಗಲಿಸಿ ತೋರಿಸಿದಳು. ನಾಲ್ಕೂ ಇಸ್ತ್ರಿ ಮಾಡಿ, ಹಿಂಭಾಗ ಮೇಲೆ ಬರುವಂತೆ ಮಡಚಿಟ್ಟಿದ್ದವು. ಮಾಸಿದ ದಾರ, ಒದ್ದೆ ಬಟ್ಟೆ, ಇಸ್ತ್ರಿ, ಎಲ್ಲ ಒಂದೊಂದಾಗಿ ನೆನಪಾಯಿತು.

"ಹೊಲಿಗೆ ಕಾಣಿಸ್ತಾ?" ಎಂದು ಕೇಳಿದರು ಕೊನೆಗೆ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಹೊಲಿಗೆ ಏನೂ ಕಾಣ್ಲಿಲ್ಲ, ಚೆನ್ನಾಗೇ ಮಾಡಿದೀರಿ. ಒಗೆಯೋಳು ನಾನು ತಾನೆ. ಹಿಂದಿನ ಜೇಬು ಎರಡೂ ಮುತ್ತಿಡೋ ಅಷ್ಟು ಹತ್ರ ಬಂದಿವೆ, ಅದು ಕಾಣಲ್ವಾ?"

"ಮತ್ತೆ ಒಳಗೇ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅನ್ಕೊಂಡೆ." ಬ್ಯಾಗಿನ ಬಾಯಿ ಮುಚ್ಚಿದಳು. "ಹೇಳ್ಲಿಲ್ಲ. ಅಷ್ಟು ಜನರ ಮುಂದೆ ನಿಮ್ಮನ್ನ ಸುಳ್ಳ ಮಾಡಕ್ಕೆ ನನಗೆ ಬಾಯಿ ಬರ್ಲಿಲ್ಲ."

"ಅಷ್ಟು ಜನ ಎಲ್ಲಿದ್ರು, ಡಾಕ್ಟ್ರೊಬ್ಬರೇ ಇದ್ರು."

"ನೀವೂ ಇದ್ರಲ್ಲ" ಎಂದಳು.

ಇಪ್ಪತ್ತೊಂದು ಎಂದು ಕರೆದಾಗ ಮಾಸ್ತರೇ ಮುಂದೆ ನಡೆದರು. ಡಾಕ್ಟ್ರಮ್ಮ ಹುಬ್ಬೇರಿಸಿದರು. ಕೂರಿ ಎನ್ನುವ ಮೊದಲೇ ಮಾಸ್ತರು ಬೆನ್ನು ತಿರುಗಿಸಿ, ಅಂಗಿ ಮೇಲೆತ್ತಿ, ಪ್ಯಾಂಟಿನ ಹಿಂಭಾಗ ತೋರಿಸಿ ನಿಂತರು. ಹಾಗೆ ನಿಂತದ್ದು ನೋಡಿ ಯಾರಾದರೂ ನಗಬೇಕಿತ್ತು, ಯಾರೂ ನಗಲಿಲ್ಲ. "ನಾನು ಟೈಲರು ಡಾಕ್ಟ್ರೇ. ಸಡಿಲ ಆಗಿತ್ತು, ಮೂರು ಸಲ ಹಿಡಿದಿದೀನಿ. ಮೂವತ್ತಾರಿತ್ತು. ಈಗ ಮೂವತ್ಮೂರು. ಇನ್ನು ರಕ್ತ ಕಂಡಿಲ್ಲ ಅಂದೆ, ನಾನು ನೋಡೇ ಇಲ್ಲ." ಹೆಂಡತಿ ಬ್ಯಾಗಿನಿಂದ ಒಂದು ಪ್ಯಾಂಟು ತೆಗೆದು ಒಳಮಗ್ಗುಲು ಮೇಲೆ ಮಾಡಿ ಮೇಜಿನ ಮೇಲಿಟ್ಟಳು. ಡಾಕ್ಟ್ರಮ್ಮ ಬೈಯುತ್ತಾರೆಂದು ಮಾಸ್ತರು ಕಾದರು. ಅವರು ಬಗ್ಗಿ, ಬೆರಳಿಟ್ಟು ಮೂರು ಸಾಲು ಹೊಲಿಗೆಯನ್ನು ನೋಡಿದರು, ಒಂದೊಂದರ ನಡುವಿನ ಅಂತರವನ್ನು ಅಳೆಯುವವರ ಹಾಗೆ. "ಇದನ್ನ ಮೊದಲೇ ತೋರಿಸಿದ್ರೆ ಒಂದು ತಿಂಗಳು ಅಂತಿರಲಿಲ್ಲ ನಾನು" ಎಂದರು. ಮೊದಲು ಬರೆದ ಚೀಟಿ ಇಸಿದುಕೊಂಡು ಹರಿದರು. ಕ್ಯಾಮೆರಾ ಹಾಕಿ ಕರುಳು ಪೂರ್ತಿ ನೋಡುವ ಪರೀಕ್ಷೆಯೊಂದಿದೆ, ಅದನ್ನು ಈ ವಾರವೇ ಮಾಡಿಸಬೇಕು, ಹಿಂದಿನ ದಿನ ಹೊಟ್ಟೆ ಖಾಲಿ ಮಾಡಲು ಔಷಧಿ ಕೊಡುತ್ತಾರೆ ಎಂದು ವಿವರಿಸಿದರು. "ಸಣ್ಣ ಕಾರಣವೇ ಇರಬಹುದು. ಇಲ್ದೇನೂ ಇರಬಹುದು. ನೋಡದೆ ನಾನು ಹೇಳಲ್ಲ."

"ನೋಡಿ" ಎಂದರು ಮಾಸ್ತರು. "ಹಿಂದಿನ ದಿನ ಅಂದ್ರೆ, ಒಂದೇ ಬಾತ್‌ರೂಮಿದೆ ಮನೇಲಿ. ಮೊಮ್ಮಗಳಿಗೆ ರಜ ಹಾಕಿಸ್ಬೇಕು." ಡಾಕ್ಟ್ರಮ್ಮ ಈಗ ನಕ್ಕರು. ಮಾಸ್ತರಿಗೆ ಎರಡು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ಹಗುರವಾದಂತೆ ಅನಿಸಿತು, ಅದು ಭ್ರಮೆಯೆಂದು ಗೊತ್ತಿದ್ದೂ.

"ಸರಿ, ಈಗ ನಿಜ ಹೇಳಿ. ಇದೆಲ್ಲ ಶುರುವಾಗಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು" ಎಂದರು ಮಾಸ್ತರು. ಈ ಸಲ ಅದರಲ್ಲಿ ಒಂದು ದಿನವೂ ಹೆಚ್ಚು ಕಮ್ಮಿ ಮಾಡಿರಲಿಲ್ಲ.

"ಮೂರು" ಎಂದಳು ಹೆಂಡತಿ.

ಮಾಸ್ತರು ತಿರುಗಿ ನೋಡಿದರು. "ಮೂರು ಎಲ್ಲಿ? ಎರಡೇ."

"ಮೂರು ಬರ್ಕೊಳ್ಳಿ ಡಾಕ್ಟ್ರೇ. ಮೊದಲನೇ ತಿಂಗಳು ಇವರಿಗೇ ಗೊತ್ತಾಗಿಲ್ಲ."

"ನಿಮಗೆ ಹೇಗೆ ಗೊತ್ತಾಯ್ತು?" ಎಂದರು ಡಾಕ್ಟ್ರಮ್ಮ.

ಅಲ್ಲಿವರೆಗೆ ಎಲ್ಲದಕ್ಕೂ ತಟಕ್ಕನೆ ಉತ್ತರ ಕೊಟ್ಟವಳು ಈಗ ಮೇಜಿನ ಮೇಲಿದ್ದ ಪ್ಯಾಂಟನ್ನು ಎಳೆದುಕೊಂಡು, ಬಲಮಗ್ಗುಲು ಮಾಡಿ, ಮಡಿಕೆ ಸರಿಮಾಡತೊಡಗಿದಳು. ಸರಿಯಾಗಿದ್ದ ಮಡಿಕೆಯನ್ನೇ ಮತ್ತೆ ಬಿಚ್ಚಿ ಮಡಚಿದಳು.

"ಬೆಳಗ್ಗೆ ಒಳಗೆ ಹೋದಾಗ ಏನೋ ಒಂದು ಹಾಡು ಗುನುಗ್ತಿದ್ರು. ಮದುವೆ ಆದಾಗಿಂದ ಒಂದು ದಿನ ತಪ್ಪಿಲ್ಲ, ಅಡುಗೆಮನೆಗೆ ಕೇಳಿಸೋದು. ಅದು ನಿಂತು ಮೂರು ತಿಂಗಳಾಯ್ತು."

ತಾನು ಗುನುಗುತ್ತಿದ್ದೆ ಎಂಬುದೇ ಮಾಸ್ತರಿಗೆ ಗೊತ್ತಿರಲಿಲ್ಲ. ಯಾವ ಹಾಡು ಎಂದು ಕೇಳಬೇಕೆನಿಸಿತು. ಡಾಕ್ಟ್ರಮ್ಮ ಎರಡು ಎಂದು ಬರೆದದ್ದನ್ನು ಹೊಡೆದುಹಾಕಿ ಮೂರು ಎಂದು ಬರೆದರು.